ಮೌಸೂ ಮೆಟ್ಟುಗತ್ತಿಯೂ

ಅಡಿಕೆ ಸುಲಿಯುವ ಕಾಲದಲ್ಲಿ ಮತ್ತಿಘಟ್ಟದ ನಮ್ಮ ಮನೆಯ ಅಂಗಳದಲ್ಲಿ ಸಾಲಾಗಿ ಕುಳಿತುಕೊಳ್ಳುತ್ತಿದ್ದವರಲ್ಲಿ ಒಬ್ಬನಾದರೂ ಇನ್ನೊಬ್ಬನ ಮೆಟ್ಟುಗತ್ತಿಯ ಮಣೆಯೇರಿ ಕೆಲಸಕ್ಕೆ ತೊಡಗಿದುದನ್ನು ನಾನು ಕಂಡವನಲ್ಲ. ಮಣೆಯ ಎತ್ತರ ತನ್ನ ಕಾಲಿನ ನೀಳಕ್ಕೆ ಸರಿಹೋಗಬೇಕು, ಅಲಗಿನ ವಾಲು ತನ್ನ ಮುಂಗೈಯ ತಿರುವಿಗೆ ಒಪ್ಪಬೇಕು, ಸುಲಿದ ಅಡಿಕೆ ಬೀಳುವ ಬುಟ್ಟಿ ಮೈ ಬಗ್ಗಿಸದೆಯೇ ಎಟುಕುವಂತಿರಬೇಕು. ಇಷ್ಟೆಲ್ಲ ಒದಗಿದ ಬಳಿಕವೇ ಮೊದಲ ಅಡಿಕೆ ಕೈಗೆ ಬರುತ್ತಿತ್ತು, ಮತ್ತು ಆ ಸಿದ್ಧತೆಗೆ ಹಿಡಿದ ಹೊತ್ತನ್ನು ಕಾಲಹರಣವೆಂದು ಯಾವ ಯಜಮಾನನೂ ಆಕ್ಷೇಪಿಸುತ್ತಿರಲಿಲ್ಲ. ಅದೇ ಮನೆಯ ಜಗುಲಿಯ ಮೂಲೆಯಲ್ಲಿ, ಹಲಸಿನ ಹಲಗೆಯ ಹಳೆಯ ಮೇಜಿನ ಮೇಲೆ, ತಂತಿಯುಳ್ಳ ಮೌಸೊಂದು ಬಂದು ಕುಳಿತ ದಿವಸ ಮಾತ್ರ, ಡಬ್ಬಿಯಿಂದ ತೆಗೆದುದೇ ತಡ ಅದರ ಬಾಲದ ತುದಿಯನ್ನು ಸಿಕ್ಕಿದ ರಂಧ್ರಕ್ಕೆ ತೂರಿಸಿ, ಪರದೆಯ ಮೇಲೆ ಬಾಣದ ಗುರುತು ಅಲ್ಲಾಡಿತೆಂದೊಡನೆ, ಪ್ರತಿಷ್ಠಾಪನೆ ಸಾಂಗವಾಯಿತೆಂದು ನಾವೆಲ್ಲರೂ ಎದ್ದುಬಿಟ್ಟೆವು. ಈ ವಿಮರ್ಶೆಯ ಮುಖ್ಯ ತಕರಾರು ಆ ಅವಸರವನ್ನು ಕುರಿತದ್ದು. ಉಪಕರಣದ ಮೇಲಣ ತಕರಾರುಗಳೂ ಕೆಲವು ಉಂಟು. ಅವನ್ನು ತರುವಾಯ ಹೇಳುವೆನು.

ಉಪಕರಣವು ಸಾಮಾನ್ಯವಾದುದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಇಂಜಿನಿಯರರು 1964ರಲ್ಲಿ ಮಾಡಿದ ಮೊದಲ ಮಾದರಿಯು ಮರದ ಒಂದು ಪುಟ್ಟ ಪೆಟ್ಟಿಗೆಯಾಗಿದ್ದು, ಪರಸ್ಪರ ಲಂಬವಾಗಿ ನಿಂತ ಎರಡು ಚಕ್ರಗಳು ಅದರ ಅಡಿಯಲ್ಲಿ ಉರುಳುತ್ತ ಒಂದು ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಗಣಿಸುತ್ತಿದ್ದುವು. ಆ ಮಾದರಿಯಲ್ಲಿ ತಂತಿಯು ಮಣಿಕಟ್ಟಿನ ಕಡೆಯಿಂದ, ಎಂದರೆ ನಿಜವಾಗಿಯೂ ಬಾಲವಿರತಕ್ಕ ಕಡೆಯಿಂದ, ಹೊರಡುತ್ತಿತ್ತು. ಕೈಗೆ ತೊಡರುತ್ತದೆಂದು ಬೇಗನೆ ಅದನ್ನು ಮುಂದಕ್ಕೆ ಒಯ್ದರು. ಹೀಗಾಗಿ ಇಂದಿನ ಮೌಸಿಗೆ ಬಾಲವಿರುವುದು ಮೂತಿಯಲ್ಲಿ. ಹೆಸರನ್ನು ಆಗಲೇ ಬದಲಾಯಿಸಿದ್ದರೆ ನಮ್ಮ ಭಾಷಾಂತರಕಾರರು ‘ಮೂಷಿಕ’ವೆಂದು ಅನುವಾದಿಸಿ ಗಣಪತಿಯನ್ನು ನೆನೆಯುವ ಶ್ರಮ ತಪ್ಪುತ್ತಿತ್ತು, ಜನರಂತೂ ಆ ಅನುವಾದವನ್ನು ಮುಟ್ಟದೆ ‘ಮೌಸು’ ಎಂದೇ ಕರೆದರು, ಮತ್ತು ಜನರು ಮಾಡಿದ್ದೇ ಸರಿ.

ಎಂಗೆಲ್‌ಬಾರ್ಟರು 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಭೆಯೊಂದರಲ್ಲಿ ಇದನ್ನು ಲೋಕಕ್ಕೆ ತೋರಿದರು. 1970ರಲ್ಲಿ ಪೇಟೆಂಟು ದೊರೆಯಿತು. ಮನೆಮನೆಯ ಮೌಸಿನಿಂದ ಅವರಿಗೆ ರಾಯಧನವೆಂದು ಬಂದುದು ಏನೂ ಇಲ್ಲ. ನನ್ನ ವಾದಕ್ಕೆ ಇವೆಲ್ಲಕ್ಕಿಂತಲೂ ಬೆಲೆಯುಳ್ಳ ಸಂಗತಿ ಬೇರೊಂದಿದೆ. ಪರದೆಯ ಮೇಲಣ ಅಕ್ಷರವನ್ನು ತೋರಿಸುವುದಕ್ಕೆ ಯಾವ ಸಾಧನ ಉತ್ತಮವೆಂದು ಅವರ ಬಳಗವು ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಒಂದು ವಿಚಿತ್ರ ಸನ್ನೆಕೋಲು ಮತ್ತು ಮೌಸು, ಇವುಗಳನ್ನು ಒಂದಕ್ಕೊಂದು ಹೋಲಿಸಿ ಪರೀಕ್ಷಿಸಿದಾಗ, ಪಳಗಿದವರ ಕೈಯಲ್ಲಿ ಮೌಸು ಗೆದ್ದಿತು; ಹೊಸಬರಾದರೋ ಬೆಳಕಿನ ಲೇಖನಿಯಲ್ಲಿಯೂ ಮೊಣಕಾಲಿನ ಸಾಧನದಲ್ಲಿಯೂ ಹೆಚ್ಚು ಚುರುಕಾಗಿದ್ದರು. ಎಂದರೆ, ಇದು ಮುಟ್ಟಿದೊಡನೆ ಒಲಿಯುವ ಸಾಧನವಲ್ಲವೆಂಬುದು ಹುಟ್ಟಿದ ಮನೆಯಲ್ಲಿಯೇ ತಿಳಿದಿತ್ತು. ಅದನ್ನು ಮಾರಿದವರು ಹೇಳಲಿಲ್ಲ, ಕಲಿಸಿದವರು ವಿಚಾರಿಸಲಿಲ್ಲ.

ನಮ್ಮ ದೊಡ್ಡಪ್ಪನ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಎಪ್ಪತ್ತು ದಾಟಿದ ಮೇಲೆ ತೋಟದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕೆಂಬ ಹಟ ಅವನಿಗೆ ಹುಟ್ಟಿತು. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂದು ಅಡಿಕೆಯ ಬಗೆಗಳಿಗೆ ಸಾಲುಗಳನ್ನು ಮಾಡಿಕೊಟ್ಟು, ಮೌಸನ್ನು ಅವನ ಬಲಗೈಯಡಿಗೆ ಸರಿಸಿ, ನಾನು ದೂರ ನಿಂತೆನು. ಬಾಣವು ಬೆಟ್ಟೆಯ ಮನೆಯನ್ನು ಹಾರಿ ಚಾಲಿಯಲ್ಲಿ ನಿಲ್ಲುತ್ತಿತ್ತು. ಹಿಂದಕ್ಕೆ ತಂದರೆ ರಾಶಿಗೆ ಹೋಗುತ್ತಿತ್ತು. ಎರಡು ಬಾರಿ ಒತ್ತೆಂದರೆ ಒತ್ತುವಷ್ಟರಲ್ಲಿ ಕೈ ಕದಲಿ, ತೆರೆಯಬೇಕಾದ ಕಡತವು ತೆರೆಯದೆ ಪಕ್ಕಕ್ಕೆ ಸರಿಯುತ್ತಿತ್ತು.

“ತಮಾ, ಇದು ಯನ್ನ ಕೈ ಮಾತು ಕೇಳ್ತಿಲ್ಲೆ” ಎಂದನು.

“ರೂಢಿ ಆದ್ರೆ ಸರಿ ಆಗ್ತು ದೊಡ್ಡಪ್ಪಾ” ಎಂದೆನು ನಾನು, ಎಲ್ಲ ಶಿಕ್ಷಕರೂ ಹೇಳುವಂತೆ.

“ರೂಢಿ ಆಪಲೆ ಮೊದ್ಲು ಕತ್ತಿ ಸರಿ ಇರವಲ” ಎಂದು ಅವನು ಎದ್ದು ಕವಳ ಹಾಕಲು ಹೋದನು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ, ಅದುವರೆಗೆ ಇಪ್ಪತ್ತು ವರ್ಷ ಮೌಸನ್ನು ಹಿಡಿದಿದ್ದ ನಾನು, ಮೊದಲ ಬಾರಿಗೆ ಅದರ ಹೊಂದಾಣಿಕೆಯ ಪುಟವನ್ನು ತೆರೆದು ಶ್ರದ್ಧೆಯಿಂದ ಓದಿದೆನು. ವಿಂಡೋಸ್ ವ್ಯವಸ್ಥೆಯಲ್ಲಿ ಬಾಣದ ವೇಗಕ್ಕೆ ಒಂದು ಅಳತೆಪಟ್ಟಿ ಇದೆ. ಅದು ನಡುವಿನ ಗೆರೆಯಲ್ಲಿ ನಿಂತಿರುತ್ತದೆ, ಯಾರ ಕೈಗೂ ಅಳೆಯದ ಸಿದ್ಧ ಉಡುಪಿನಂತೆ. ಅದರ ಮಗ್ಗುಲಲ್ಲಿಯೇ ಬಾಣದ ನಿಖರತೆಯನ್ನು ಹೆಚ್ಚಿಸುವೆನೆಂದು ಹೇಳಿಕೊಳ್ಳುವ ಒಂದು ಗುರುತುಚೌಕವಿದೆ. ಹೆಸರು ನಂಬುವಂತಹುದಲ್ಲ. ಆ ಚೌಕದಲ್ಲಿ ಗುರುತಿದ್ದಾಗ ಬಾಣವು ಕೈ ಸರಿದ ದೂರವೊಂದನ್ನೇ ಅನುಸರಿಸದೆ ಕೈ ಸರಿದ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದೇ ನಾಲ್ಕು ಬೆರಳಿನ ದೂರವನ್ನು ಮೆಲ್ಲಗೆ ಸರಿಸಿದರೆ ಒಂದು ಫಲ, ಬೀಸಿ ಸರಿಸಿದರೆ ಇನ್ನೊಂದು. ಪಳಗಿದವನಿಗೆ ಇದು ಅನುಕೂಲವೇ ಸರಿ. ಆದರೆ ಕಲಿಯುವವನ ಕೈಯು ಅಭ್ಯಾಸದಿಂದ ಗಳಿಸಬೇಕಾದುದು ಇಷ್ಟು ಸರಿಸಿದರೆ ಇಷ್ಟು ಹೋಗುತ್ತದೆಂಬ ಒಂದೇ ಒಂದು ನಿಶ್ಚಯವಾಗಿರುವಾಗ, ಆ ನಿಶ್ಚಯವನ್ನೇ ಕ್ಷಣಕ್ಷಣಕ್ಕೂ ಕದಲಿಸುವ ಏರ್ಪಾಟನ್ನು ಹೊಸಬನ ಮುಂದೆ ಮೊದಲಿನಿಂದಲೇ ಇಟ್ಟುಬಿಡುವುದು ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಗುರುತನ್ನು ತೆಗೆದೆನು, ವೇಗವನ್ನು ಎರಡು ಗೆರೆ ಇಳಿಸಿದೆನು.

ಎರಡು ಬಾರಿ ಒತ್ತುವ ವಿಚಾರದಲ್ಲಿ ಎಲ್ಲರೂ ಮಾಡುವ ನಿದಾನ ತಪ್ಪಾದುದು. ವೃದ್ಧರ ಬೆರಳು ನಿಧಾನವೆಂದು ನಾವು ಭಾವಿಸುತ್ತೇವೆ. ಎರಡು ಒತ್ತುಗಳ ನಡುವೆ ಸಾಮಾನ್ಯವಾಗಿ 500 ಮಿಲಿಸೆಕೆಂಡು, ಎಂದರೆ ಅರ್ಧ ಸೆಕೆಂಡಿನ ಬಿಡುವಿರುತ್ತದೆ. ಅಷ್ಟರಲ್ಲಿ ಎರಡು ಸಲ ತಾಳ ತಟ್ಟಲಾರದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಕೆಡುವುದು ಬೇರೆ ಕಾರಣದಿಂದ: ಆ ಎರಡು ಒತ್ತುಗಳ ನಡುವೆ ಬಾಣವು ಕೂದಲೆಳೆಗಿಂತ ಸ್ವಲ್ಪ ಹೆಚ್ಚು ಕದಲಿದರೂ ಯಂತ್ರವು ಅವನ್ನು ಒಂದು ಜೋಡಿಯೆಂದು ಒಪ್ಪದೆ, ಎರಡು ಬೇರೆ ಬೇರೆ ಒತ್ತುಗಳೆಂದೋ ಎಳೆತವೆಂದೋ ತಿಳಿಯುತ್ತದೆ. ಇದಕ್ಕೆ ಪರಿಹಾರ ಸುಲಭ. ಮುಂಗೈ ಮೇಜಿನ ಮೇಲೆ ಪೂರ್ತಿ ಒರಗಿರಬೇಕು, ಮಣಿಕಟ್ಟು ನೆಟ್ಟಗಿರಬೇಕು, ಕದಲತಕ್ಕದ್ದು ತೋರುಬೆರಳಿನ ತುದಿ ಮಾತ್ರ. ಅದೂ ಸಾಧ್ಯವಾಗದವರು ಒಂದು ಸಲ ಒತ್ತಿ, ಬಳಿಕ ಕೀಲಿಮಣೆಯ ಎಂಟರ್ ಕೀಲಿಯನ್ನು ಒತ್ತಿದರೆ ಆಯಿತು. ನಮ್ಮ ಹಲಸಿನ ಮೇಜು ಹಿಂದಿನವರು ನಿಂತು ಕಡತ ಬರೆಯಲೆಂದು ಮಾಡಿಸಿದ್ದೋ ಏನೋ, ಕುಳಿತವನ ಭುಜವು ಅದರ ಮೇಲೆ ಕಿವಿಯವರೆಗೆ ಏರುತ್ತಿತ್ತು. ಕುರ್ಚಿಯ ಮೇಲೆ ಅಕ್ಕಿಮಣೆಯಷ್ಟು ದಪ್ಪದ ಹಲಗೆಯನ್ನು ಹಾಕಿದ ಮೇಲೆ ದೊಡ್ಡಪ್ಪನ ಅರ್ಧ ಸಂಕಟ ತೀರಿತು.

ಕೀಲಿಮಣೆಯನ್ನು ಕುರಿತು ಕನ್ನಡಿಗರು ಇಷ್ಟು ಉದಾಸೀನರಾಗಿರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ರೂಪಿಸಿದ ವಿನ್ಯಾಸವು ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನೆಲ್ಲ ಮುಟ್ಟಿತು. ಯಾವ ಅಕ್ಷರ ಎಲ್ಲಿರಬೇಕೆಂಬುದರ ಮೇಲೆ ವಾದಗಳಾದುವು, ಸಮಿತಿಗಳು ಕುಳಿತುವು. ಮೌಸಿಗೆ ಲಿಪಿಯಿಲ್ಲ, ಆದುದರಿಂದ ವಾದವೂ ಇಲ್ಲ. ಶಿರಸಿಯ ಪೇಟೆಯಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದ ಕಂಪ್ಯೂಟರ್ ತರಗತಿಯಲ್ಲಿ, ಚಪ್ಪಲಿಯನ್ನು ಹೊರಗೆ ಬಿಟ್ಟು ಗರ್ಭಗುಡಿಯನ್ನು ಹೊಕ್ಕಂತೆ ಹೊಕ್ಕು, ಡಾಸ್ ಆಜ್ಞೆಗಳನ್ನು ಬಾಯಿಪಾಠ ಮಾಡಿದೆವು. ಮೌಸನ್ನು ಹೇಗೆ ಹಿಡಿಯಬೇಕೆಂದು ಒಬ್ಬರೂ ಹೇಳಲಿಲ್ಲ. ನಿಜವಾಗಿ ಕಲಿಸಿದ್ದು ಇಸ್ಪೀಟು. 1990ರ ವಿಂಡೋಸ್ 3.0ರೊಡನೆ ಬಂದ ಸಾಲಿಟೇರ್ ಆಟದಲ್ಲಿ ಎಲೆಯನ್ನು ಒತ್ತಿಹಿಡಿದು ಎಳೆದು ಇನ್ನೊಂದರ ಮೇಲೆ ಬಿಡುವ ಕ್ರಮವಿತ್ತಷ್ಟೆ. ಲೋಕದ ಅರ್ಧದಷ್ಟು ಗುಮಾಸ್ತರು ಎಳೆಯುವುದನ್ನೂ ಬಿಡುವುದನ್ನೂ ಕಲಿತುದು ಆ ಎಲೆಗಳಿಂದಲೇ ಇದ್ದೀತು. ಗುರುಗಳು ಅದನ್ನು ಕಂಡರೆ ಗದರುತ್ತಿದ್ದರು. ಆ ಪಠ್ಯಕ್ರಮದಲ್ಲಿ ಉತ್ತಮವಾಗಿದ್ದ ಪಾಠ ಅದೊಂದೇ.

ಎಡಗೈಯವರ ಗತಿ ಇನ್ನೂ ಶೋಚನೀಯ. ಗುಂಡಿಗಳ ಧರ್ಮವನ್ನು ಅದಲುಬದಲು ಮಾಡುವ ಸೌಕರ್ಯವು ಹೊಂದಾಣಿಕೆಯ ಪುಟದ ಮೊದಲಿಗೇ ಇರುತ್ತದೆ. ನನ್ನ ಅಣ್ಣನ ಮಗಳು, ಊಟವೊಂದನ್ನುಳಿದು ಎಲ್ಲವನ್ನೂ ಎಡಗೈಯಿಂದ ಮಾಡುವವಳು, ಶಾಲೆಯಲ್ಲಿ ಎರಡು ವರ್ಷ ಬಲಗೈಯಿಂದಲೇ ತಡವರಿಸಿದಳು. ಮನೆಯಲ್ಲಿ ಮೌಸನ್ನು ಎಡಕ್ಕೆ ಸರಿಸಿ ಗುಂಡಿಗಳನ್ನು ಬದಲಿಸಿಕೊಟ್ಟಾಗ, ತಂತಿಯು ಬಲಗಡೆಯಿಂದ ಕೀಲಿಮಣೆಯನ್ನು ಸುತ್ತಿ ಬರಲಾರದೆ ಬಿಗಿಯಿತು. ಆಗ ಬಾಲದ ಪ್ರಶ್ನೆ ಎದ್ದಿತು.

ಬಾಲವು ಬಂಧನವೆಂದು ಪೇಟೆಯವರ ಮತ. ತಂತಿಯಿಲ್ಲದ ಮೌಸು ಮೇಜಿನ ಮೇಲೆ ಸ್ವಚ್ಛಂದವಾಗಿ ಸರಿಯುತ್ತದೆ, ನೋಡುವುದಕ್ಕೂ ಚೆಂದ. ಅದನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮತ್ತಿಘಟ್ಟದ ಮಳೆಗಾಲವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಪುಸ್ತಕದ ಬೆನ್ನಿಗೆ ಬೂಸಲು ಹಿಡಿಯುವ ಕಾಲ. ಮೌಸಿನ ಹೊಟ್ಟೆಯಲ್ಲಿಟ್ಟ ಸೆಲ್ಲು ಬಳಕೆಯಿಲ್ಲದೆ ಉಳಿದರೆ ನೀರುಬಿಟ್ಟು, ಅದು ಕೂರುವ ಲೋಹದ ಎಸಳುಗಳಿಗೆ ಕಿಲುಬು ಕಟ್ಟುತ್ತದೆ. ಹೊಸ ಸೆಲ್ಲಿಗೆ ಪೇಟೆಗೆ ಹೋಗಬೇಕು. ಉಗುರಿನಷ್ಟು ಗಾತ್ರದ ಸಂಕೇತಗ್ರಾಹಿಯು ಒಮ್ಮೆ ಅಡಿಕೆಯ ತಟ್ಟಿಯ ಸಂದಿಗೆ ಬಿದ್ದರೆ ಮುಂದಿನ ಸುಗ್ಗಿಯವರೆಗೆ ಸಿಕ್ಕುವುದಿಲ್ಲ. ತಂತಿಯುಳ್ಳದ್ದಾದರೋ ಗಣಕದಿಂದಲೇ 5 ವೋಲ್ಟಿನ ವಿದ್ಯುತ್ತನ್ನು ಕುಡಿದು ಬದುಕುತ್ತದೆ. ಪ್ರತ್ಯೇಕ ತಂತ್ರಾಂಶವನ್ನು ಬೇಡುವುದಿಲ್ಲ. ಯುಎಸ್‌ಬಿ ಬಂದ ಮೇಲಂತೂ, ಹಸಿರು ಬಣ್ಣದ ಆರು ಸೂಜಿಯ ಹಳೆಯ ದುಂಡು ತುದಿಯ ಕಾಲದಲ್ಲಿದ್ದಂತೆ ಗಣಕವನ್ನು ಆರಿಸಿ ಸಿಕ್ಕಿಸುವ ಗೋಜೂ ಸೂಜಿ ಬಾಗುವ ಭಯವೂ ಉಳಿದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಗಾಜು ಒಡೆದು ಸ್ಪರ್ಶ ಸತ್ತಿದ್ದ ಒಂದು ಫೋನಿಗೆ ಓಟಿಜಿ ಎಂಬ ಚಿಕ್ಕ ಕೊಂಡಿಯ ಮೂಲಕ ಇದೇ ಮೌಸನ್ನು ಸಿಕ್ಕಿಸಿದೆವು. ಫೋನಿನ ಪರದೆಯಲ್ಲಿ ಬಾಣವು ಮೂಡಿತು, ಮಗುವಿನ ಪಾಠ ಸಾಗಿತು. ಅಷ್ಟು ಸರಳ ಸಾಧು ಜೀವಿ ಅದು.

ಆದರೂ ದೋಷಗಳುಂಟೆಂದು ಮೊದಲೇ ಒಪ್ಪಿದ್ದೇನೆ. ತಂತಿ ಸಾಯುವುದು ಬಹುತೇಕ ಕೊರಳಿನಲ್ಲಿ, ಮೈಯಿಂದ ಹೊರಡುವ ಆ ಅರ್ಧ ಅಂಗುಲದಲ್ಲಿ. ಕೆಲಸ ಮುಗಿದೊಡನೆ ಬಾಲವನ್ನು ಮೈಗೆ ಬಿಗಿಯಾಗಿ ಸುತ್ತಿಡುವ ನಮ್ಮ ಅಚ್ಚುಕಟ್ಟುತನವೇ ಅದರ ಮೃತ್ಯು. ಮೇಜಿನ ಹಿಂದಕ್ಕೆ ಇಳಿಬಿದ್ದ ತಂತಿಯ ಭಾರವು ಕೈಯನ್ನು ಹಿಂದಕ್ಕೆಳೆಯುತ್ತದೆ. ಎರಡು ಗೇಣು ಸಡಿಲ ಬಿಟ್ಟು ಮೇಜಿನಂಚಿಗೆ ದಾರದಿಂದ ಕಟ್ಟಿದರೆ ಆ ಎಳೆತ ನಿಲ್ಲುತ್ತದೆ. ಎಡಗೈಯ ಹುಡುಗಿಗೂ ಹಾಗೆಯೇ ತಂತಿಯನ್ನು ಗಣಕದ ಹಿಂದಿನಿಂದ ಸುತ್ತಿ ತಂದು ಕಟ್ಟಿಕೊಟ್ಟೆನು. ಇನ್ನು ಗಾಜಿನ ಮೇಜು. ಹಿಂದಿನ ಮೌಸಿನ ಹೊಟ್ಟೆಯಲ್ಲಿ ರಬ್ಬರು ಹೊದೆದ ಗೋಲಿಯಿದ್ದು, ಅದು ಧೂಳನ್ನು ನುಂಗಿ ಉರುಳೆಗಳಿಗೆ ಮೆತ್ತುತ್ತಿತ್ತು. ಉಗುರಿನಿಂದ ಕೆರೆದು ತೆಗೆಯುವುದು ತಿಂಗಳ ಒಂದು ವ್ರತವಾಗಿತ್ತು. 1999ರಿಂದ ಬೆಳಕಿನ ಮೌಸು ವ್ಯಾಪಕವಾಗಿ ಬಂದಿತು: ಓರೆಯಾಗಿ ಬೀಳುವ ಕೆಂಬೆಳಕಿನಲ್ಲಿ ಮೇಜಿನ ಒರಟುತನವನ್ನು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಸಲ ಚಿತ್ರ ತೆಗೆದು, ಒಂದು ಚಿತ್ರವನ್ನು ಮುಂದಿನದರೊಡನೆ ಹೋಲಿಸಿ, ಎಷ್ಟು ಸರಿಯಿತೆಂದು ಅದು ಊಹಿಸುತ್ತದೆ. ಗಾಜಿನಲ್ಲಿ ಒರಟುತನವಿಲ್ಲ, ಊಹೆಗೆ ಆಧಾರವಿಲ್ಲ. ಬಾಣವು ನಿಂತಲ್ಲಿಯೇ ನಡುಗುತ್ತದೆ. ಹಳೆಯ ನೋಟುಪುಸ್ತಕದ ರಟ್ಟೊಂದು ಸಾಕು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವ ರೋಗವು ಮಾತ್ರ ಗುಂಡಿಯಡಿಯ ಪುಟ್ಟ ಸ್ವಿಚ್ಚು ಸವೆದುದರ ಲಕ್ಷಣ. ಅದಕ್ಕೆ ಹೊಂದಾಣಿಕೆಯ ಪುಟದಲ್ಲಿ ಔಷಧವಿಲ್ಲ.

ತೀರ್ಪನ್ನು ಕೇಳುವವರಿಗೆ ಹೇಳುವೆನು: ಮಲೆನಾಡಿನ ಮನೆಗೆ ತಂತಿಯುಳ್ಳ ಮೌಸೇ ಯೋಗ್ಯ. ಆದರೆ ಅದನ್ನು ಕೊಂಡ ದಿವಸ ಕಾಲು ಗಂಟೆಯನ್ನು ಅದಕ್ಕಾಗಿಯೇ ಎತ್ತಿಡಿರಿ. ಹಿಡಿಯುವವನನ್ನು ಕೂರಿಸಿ, ಅವನ ಭುಜ, ಅವನ ಮಣಿಕಟ್ಟು, ಅವನ ಬೆರಳು ಹೇಗೆ ಕದಲುತ್ತವೆಂದು ನೋಡಿ, ಬಾಣವನ್ನು ಆ ಕೈಗೆ ಹೊಂದಿಸಿಕೊಡಿರಿ. ದೊಡ್ಡಪ್ಪನು ಈಗ ಬೆಟ್ಟೆಯನ್ನು ಬೆಟ್ಟೆಯ ಮನೆಯಲ್ಲಿಯೇ ಬರೆಯುತ್ತಾನೆ. ಕಳೆದ ಮಳೆಗಾಲದಲ್ಲಿ ಅಟ್ಟದಿಂದಿಳಿದ ನಿಜವಾದ ಇಲಿಯೊಂದು ಬಾಲವನ್ನು ಒಂದೆಡೆ ಕಡಿದುಹಾಕಿತ್ತು. ಒಳಗಿನ ನಾಲ್ಕು ಎಳೆಗಳನ್ನು ಬಣ್ಣಕ್ಕೆ ಬಣ್ಣ ಜೋಡಿಸಿ, ಬೇರೆ ಬೇರೆಯಾಗಿ ಕರಿಯ ಟೇಪು ಸುತ್ತಿದವನು ಅವನೇ.