ಕೊಳ್ಳುವವನಿಲ್ಲದ ಬೆಲೆ

ಈಚೆಗೆ ಸಿದ್ದಾಪುರದ ಬಂಧುಗಳೊಬ್ಬರ ಮನೆಯಲ್ಲಿ ವರನೊಬ್ಬನ ವಿವರಪತ್ರವು ನೋಡಲು ದೊರೆಯಿತು. ಜನ್ಮನಕ್ಷತ್ರ, ವಿದ್ಯೆ, ಉದ್ಯೋಗಗಳ ಕೆಳಗೆ ‘ಗಿಟ್‌ಹಬ್ ಖಾತೆಯ ಮೌಲ್ಯ’ ಎಂದು ರೂಪಾಯಿಗಳಲ್ಲಿ ದೊಡ್ಡದೊಂದು ಮೊತ್ತ ನಮೂದಾಗಿತ್ತು. ಮನೆಯ ಹಿರಿಯರು ಅದನ್ನು ಬ್ಯಾಂಕಿನ ಠೇವಣಿಯೆಂದೇ ತಿಳಿದಿದ್ದರು.

ಗಿಟ್‌ಹಬ್ ಎಂಬುದು ತಂತ್ರಾಂಶ ರಚಿಸುವವರು ತಮ್ಮ ಕೃತಿಗಳನ್ನು ಇರಿಸಿ ಹಂಚಿಕೊಳ್ಳಲೆಂದು 2008ರಲ್ಲಿ ಆರಂಭವಾದ ಜಾಲತಾಣ. ಅಲ್ಲಿ ಕೃತಿಯನ್ನು ಮೆಚ್ಚಿದವರು ಅದಕ್ಕೊಂದು ನಕ್ಷತ್ರದ ಗುರುತು ಹಾಕುತ್ತಾರೆ. ಮೌಲ್ಯ ಹೇಳುವ ಸಾಧನವು ಈ ನಕ್ಷತ್ರಗಳನ್ನೂ ಅನುಯಾಯಿಗಳನ್ನೂ ಎಣಿಸಿ, ತಯಾರಕನಿಗೆ ತೋಚಿದ ಪ್ರಮಾಣದಿಂದ ಗುಣಿಸಿ, ಮುಂದೆ ರೂಪಾಯಿಯ ಚಿಹ್ನೆ ಹಚ್ಚುತ್ತದೆ. ಅಂಕೆಗಳು ಬಹಿರಂಗವಾಗಿ ದೊರೆಯುವುದರಿಂದ ಇದನ್ನು ರಚಿಸುವುದು ಕಠಿಣವಲ್ಲ. ವಿನೋದಕ್ಕೆಂದು ರಚಿಸಿದವರ ಮೇಲೆ ನನ್ನ ಆಕ್ಷೇಪವೂ ಇಲ್ಲ. ಆಕ್ಷೇಪವಿರುವುದು ಆ ರೂಪಾಯಿಯ ಚಿಹ್ನೆಯ ಮೇಲೆ.

ಬೆಲೆ ಕಟ್ಟುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಶಿರಸಿಯ ಅಡಿಕೆ ಟೆಂಡರಿನಲ್ಲಿ ವ್ಯಾಪಾರಿಯು ಚೀಲಕ್ಕೆ ಕೈಹಾಕಿ, ರಾಶಿಯೋ ಚಾಲಿಯೋ ಕೆಂಪುಗೋಟೋ ಎಂದು ಕಂಡು, ಅಡಿಕೆ ಒಡೆದು ನೋಡಿ ದರ ಬರೆಯುತ್ತಾನೆ. ಬರೆದ ಮೇಲೆ ಹಣ ಕೊಡಬೇಕಾದವನು ಅವನೇ, ಅಂದಾಜು ತಪ್ಪಿದರೆ ನಷ್ಟವೂ ಅವನದೇ. ಯಲ್ಲಾಪುರದ ‘ಅಪಿ’ಗೆ ಸಿಗುವ ದರ ಅಲ್ಲಿಯದೇ ಕೋಕಾಕ್ಕೆ ಸಿಗದು, ಚೀಲಗಳ ಎಣಿಕೆಯಿಂದ ಈ ಭೇದ ತಿಳಿಯುವಂತಿಲ್ಲ. ಈ ಸಾಧನವಾದರೋ ಚೀಲ ಬಿಚ್ಚುವುದೇ ಇಲ್ಲ. ತಾನು ಹೇಳಿದ ದರಕ್ಕೆ ಕೊಳ್ಳುವ ಹೊಣೆಯನ್ನೂ ಹೊರುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಹೆಸರಿಸಿದೆ. ಮೊದಲನೆಯದು ಅಳತೆ ತೂಕಗಳ ಮೋಸ, ಎರಡನೆಯದು ಖೋಟಾ ಮಾಲನ್ನು ಅಸಲೆಂದು ಸಾಗಿಸುವುದು. ಎರಡನೆಯದಕ್ಕೆ ಇಲ್ಲಿ ಉದಾಹರಣೆ ಹುಡುಕಬೇಕಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರನ್ನು ಒಳಗೊಂಡ ತಂಡವೊಂದು 2024ರಲ್ಲಿ ಗಿಟ್‌ಹಬ್‌ನ ಸುಮಾರು 45 ಲಕ್ಷ ನಕ್ಷತ್ರಗಳು ನಕಲಿಯೆಂಬ ಶಂಕೆಗೆ ಪಾತ್ರವೆಂದು ಗುರುತಿಸಿತು. ಹಣ ಕೊಟ್ಟರೆ ನಕ್ಷತ್ರ ಸಿಗುತ್ತದೆ! ಅವುಗಳನ್ನು ಎಣಿಸಿ ಹೇಳಿದ ಮೌಲ್ಯಕ್ಕೆ ಆಧಾರವೇನು?

ಇನ್ನು ಅಳತೆಗೇ ಸಿಗದವರು. ಕನ್ನಡವನ್ನು ಗಣಕದಲ್ಲಿ ಮೂಡಿಸಿದ ಕೆ. ಪಿ. ರಾವ್ ಅವರು ತಮ್ಮ ಕೀಲಿಮಣೆ ವಿನ್ಯಾಸವನ್ನು ಪ್ರತಿಫಲವಿಲ್ಲದೆ ನಾಡಿಗೆ ಬಿಟ್ಟುಕೊಟ್ಟರು. ಅದನ್ನು ಕರ್ನಾಟಕ ಸರ್ಕಾರವೂ ಅಂಗೀಕರಿಸಿತು. ಗಿಟ್‌ಹಬ್ ಹುಟ್ಟುವ ಮೊದಲಿನ ಆ ಕಾರ್ಯ ಈ ಲೆಕ್ಕದಲ್ಲಿ ಶೂನ್ಯ. ಕಂಪನಿಯ ಒಳಗೆ ಹತ್ತು ವರ್ಷ ದುಡಿದು, ಏನನ್ನೂ ಹೊರಗೆ ತೋರಿಸಲಾಗದ ನಮ್ಮದೇ ಮನೆಗಳ ಮಕ್ಕಳದೂ ಶೂನ್ಯವೇ. ವಿದ್ಯಾರ್ಥಿವೇತನ ನೀಡುವ, ಬಸದಿಯ ಲೆಕ್ಕಪತ್ರಕ್ಕೆ ತಂತ್ರಾಂಶ ಬರೆಸುವ ಟ್ರಸ್ಟುಗಳು ಈ ಅಂಕೆಯನ್ನು ನಂಬಿದಲ್ಲಿ ಅನ್ಯಾಯವಾಗುವುದು ಇಂಥವರಿಗೆ.

ಆ ವಿವರಪತ್ರದಲ್ಲಿ ಮೊತ್ತದ ಸಾಲನ್ನು ಹೊಡೆದು, ಹುಡುಗ ರಚಿಸಿದ್ದು ಏನು, ಅದನ್ನು ಯಾರು ಬಳಸುತ್ತಿದ್ದಾರೆ ಎಂದು ಕೇಳುವಂತೆ ಬಂಧುಗಳಿಗೆ ಹೇಳಿ ಬಂದೆನು. ಉತ್ತರ ಇನ್ನೂ ಬಂದಿಲ್ಲ.