ಸಾಹಿತ್ಯದಲ್ಲಿ ಸಂಸಾರದ ಲೆಕ್ಕ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಮಾಡಿದವರು ಯಾರೋ ತಿಳಿಯದು. ಆದರೆ ಅವರ ಮನೆಯಲ್ಲಿ ತಿಂಗಳ ಕೊನೆಯ ವಾರ ಎಂಬುದೊಂದು ಇರಲಿಲ್ಲವೆಂದು ಕಾಣುತ್ತದೆ. ಸಂಬಳವನ್ನೇ ನಂಬಿ ಪರಊರಿನಲ್ಲಿ ಬಾಳುವ ನಮ್ಮಂಥವರ ಮನೆಗಳಲ್ಲಿ ದುಡ್ಡಿನ ಜಗಳ, ಉಂಡು ಮಲಗಿದ ಮೇಲೂ ಎಚ್ಚರವಾಗಿಯೇ ಇರುತ್ತದೆ. ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಊರಿನಲ್ಲಿರುವ ತಾಯಿತಂದೆಯರಿಗೆ ಕಳಿಸಬೇಕಾದ ಹಣ, ತವರಿನ ಮದುವೆಗೆ ಕೊಡಬೇಕಾದ ಉಡುಗೊರೆ — ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಪ್ರತಿ ತಿಂಗಳೂ ಹೊಸದಾಗಿ ಹುಟ್ಟುತ್ತದೆ.

ಇಷ್ಟು ದೊಡ್ಡ ಸಂಗತಿ ನಮ್ಮ ಸಾಹಿತ್ಯದಲ್ಲಿ ಎಷ್ಟು ಬಂದಿದೆ ಎಂದು ಹುಡುಕಹೊರಟರೆ ಸ್ವಲ್ಪ ನಿರಾಶೆಯೇ ಆಗುತ್ತದೆ. ಮದುವೆಗೆ ಮುಂಚಿನ ಹಣದ ಬಗ್ಗೆ ನಮ್ಮ ಕಾದಂಬರಿಗಳು ಧಾರಾಳವಾಗಿ ಬರೆದಿವೆ. ತ್ರಿವೇಣಿಯವರ ‘ಬೆಳ್ಳಿಮೋಡ’ದಲ್ಲಿ ಆಸ್ತಿ ಕೈತಪ್ಪಿತೆಂದು ತಿಳಿದೊಡನೆ ಮೋಹನನ ಮನಸ್ಸು ಇಂದಿರೆಯಿಂದ ತಿರುಗುವುದನ್ನು ಓದಿದವರೂ, 1967ರ ಚಿತ್ರದಲ್ಲಿ ನೋಡಿದವರೂ ಮರೆಯಲಾರರು. ವರದಕ್ಷಿಣೆ, ಉತ್ತರಾಧಿಕಾರ, ಸಾಲ — ಇವೆಲ್ಲ ಕತೆಗೆ ಒದಗುತ್ತವೆ. ಆದರೆ ಮದುವೆಯಾಗಿ ಹತ್ತು ವರ್ಷ ಕಳೆದ ಗಂಡಹೆಂಡತಿ ಎದುರುಬದುರು ಕುಳಿತು ಈ ತಿಂಗಳ ದಿನಸಿಗೆ ಎಷ್ಟು, ಹಾಲಿಗೆ ಎಷ್ಟು ಎಂದು ಮಾತಾಡುವ ದೃಶ್ಯ ನಮ್ಮ ಬರಹಗಳಲ್ಲಿ ಅಪರೂಪ. ಅದು ತೀರ ಸಣ್ಣ ಸಂಗತಿಯೆಂದು ಬರಹಗಾರರು ಬಗೆದಿರಬೇಕು.

ಆದರೂ ನಮ್ಮ ಪರಂಪರೆ ಬರಿಗೈಯದಲ್ಲ. ಒಂದು ಹನ್ನೆರಡನೆಯ ಶತಮಾನದ್ದು, ಒಂದು ಹದಿನಾರನೆಯ ಶತಮಾನದ್ದು, ಒಂದು ನಮ್ಮ ಕಾಲದ್ದು — ಹೀಗೆ ಮೂರು ಮನೆಗಳನ್ನು ಇಲ್ಲಿ ನೋಡೋಣ. ಮೂರರಲ್ಲೂ ಹಣದ ಮಾತನ್ನು ಎತ್ತುವವಳು ಹೆಂಡತಿ.

ಮೊದಲನೆಯದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಮನೆ. ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಬಂದ ದಂಪತಿ ಇವರು. ನಮ್ಮ ಹಾಗೆಯೇ ಊರು ಬಿಟ್ಟು ಬಂದವರು ಎನ್ನಬಹುದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ದಾಸೋಹ ನಡೆಸುವುದು ಇಬ್ಬರ ವ್ರತ. ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತ ಗಂಡನಿಗೆ ‘ಕಾಯಕ ನಿಂತಿತು, ಏಳು’ ಎಂದು ನೆನಪಿಸಿದವಳು ಲಕ್ಕಮ್ಮ. ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ‘ಇಷ್ಟೇಕೆ? ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ’ ಎಂದು ತಿರುಗಿ ಕಳಿಸಿದವಳೂ ಅವಳೇ. ‘ಶೂನ್ಯಸಂಪಾದನೆ’ ಈ ಪ್ರಸಂಗವನ್ನು ಆದರದಿಂದ ನಿರೂಪಿಸುತ್ತದೆ.

ಉಪನ್ಯಾಸಗಳಲ್ಲಿ ಈ ಕತೆ ಬರುವುದು ಸಾಮಾನ್ಯವಾಗಿ ಸಂತೃಪ್ತಿಯ ಪಾಠವಾಗಿ. ಇದ್ದುದರಲ್ಲಿ ಸುಖಪಡಿ, ಆಸೆ ಬೇಡ, ಲಕ್ಕಮ್ಮನನ್ನು ನೋಡಿ ಕಲಿಯಿರಿ ಎಂದು ಹೆಂಗಸರಿಗೆ ಹೇಳಲಾಗುತ್ತದೆ. ಇದು ಅರ್ಧ ಓದು ಎಂದು ನನ್ನ ಭಾವನೆ. ಲಕ್ಕಮ್ಮನಿಗೆ ಪಾಠ ಹೇಳಿದವರು ಯಾರೂ ಇಲ್ಲ. ಪಾಠ ಹೇಳಿದವಳು ಅವಳು, ಹೇಳಿಸಿಕೊಂಡವನು ಗಂಡ. ಮನೆಗೆ ಬರುವ ಗಳಿಕೆ ಎಷ್ಟಿರಬೇಕು, ಅದು ಯಾವ ದಾರಿಯಿಂದ ಬರಬೇಕು ಎಂದು ಕೇಳುವ ಹಕ್ಕು ತನಗೆ ಉಂಟೆಂದು ಅವಳು ತಿಳಿದಿದ್ದಳು. ಮಾರಯ್ಯನಾದರೂ ‘ದುಡಿದು ತಂದವನು ನಾನು, ಕೇಳಲು ನೀನಾರು’ ಎನ್ನಲಿಲ್ಲ. ಎದ್ದು ಹೋಗಿ ಸುರಿದು ಬಂದ. ಅವಳ ವಚನಗಳ ಅಂಕಿತವನ್ನೂ ಗಮನಿಸಬೇಕು: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರನ್ನು ಅಂಕಿತದಲ್ಲಿಟ್ಟುಕೊಂಡೇ ಅವಳು ಗಂಡನನ್ನು ತಿದ್ದುತ್ತಾಳೆ. ಪ್ರೀತಿಗೂ ಲೆಕ್ಕ ಕೇಳುವುದಕ್ಕೂ ವಿರೋಧ ಉಂಟೆಂದು ಅವಳಿಗೆ ಅನಿಸಿರಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಲಕ್ಕಮ್ಮನ ಲೆಕ್ಕ ಅಂದಂದಿನ ಲೆಕ್ಕ. ನಾಳೆಯ ಚಿಂತೆಯನ್ನು ಹೊರಲು ಅಲ್ಲಿ ಒಂದು ಶರಣ ಸಮಾಜವಿತ್ತು. ಬಾಡಿಗೆ ಮನೆಯಲ್ಲಿದ್ದು, ನೆಂಟರಿಂದ ಸಾವಿರ ಮೈಲಿ ದೂರ ಬಾಳುವ ದಂಪತಿಗೆ ‘ಹೆಚ್ಚಿನದನ್ನು ಸುರಿದು ಬಾ’ ಎನ್ನಲು ಬಾರದು. ಕಾಯಿಲೆಗೆ, ಕೆಲಸ ಹೋದರೆ ಕೆಲವು ತಿಂಗಳಿಗೆ ಅವರು ಕೂಡಿಡಲೇಬೇಕು. ಆದ್ದರಿಂದ ಲಕ್ಕಮ್ಮನಿಂದ ನಾವು ತೆಗೆದುಕೊಳ್ಳಬೇಕಾದದ್ದು ಅವಳ ಅಳತೆಯನ್ನಲ್ಲ, ಅವಳ ಪ್ರಶ್ನೆಯನ್ನು.

ಎರಡನೆಯದು ಶ್ರೀನಿವಾಸ ನಾಯಕನ ಮನೆ. ಮುಂದೆ ಪುರಂದರದಾಸರಾದ ಈ ವ್ಯಾಪಾರಿಯ ಕತೆ ನಮ್ಮಲ್ಲಿ ಯಾರಿಗೆ ತಿಳಿಯದು? ಹರಿಕತೆಯಲ್ಲಿ ಕೇಳಿದ್ದೇವೆ, 1964ರ ‘ನವಕೋಟಿ ನಾರಾಯಣ’ದಲ್ಲಿ ರಾಜಕುಮಾರರ ಅಭಿನಯದಲ್ಲಿ ಕಂಡಿದ್ದೇವೆ. ಮಗನ ಮುಂಜಿಗೆ ಹಣ ಬೇಡಿ ಬಂದ ಬ್ರಾಹ್ಮಣನನ್ನು ನಾಯಕ ಇಂದು ಬಾ, ನಾಳೆ ಬಾ ಎಂದು ತಿಂಗಳುಗಟ್ಟಲೆ ಅಲೆಸುತ್ತಾನೆ. ಬ್ರಾಹ್ಮಣ ಮನೆಗೆ ಹೋಗಿ ಸರಸ್ವತೀಬಾಯಿಯನ್ನು ಕೇಳುತ್ತಾನೆ. ಗಂಡನ ಅಪ್ಪಣೆಯಿಲ್ಲದೆ ಏನನ್ನೂ ಕೊಡಲಾರೆನೆಂದು ಅವಳು ಹೇಳಿದಾಗ ‘ತವರಿನವರು ಕೊಟ್ಟದ್ದು ಏನಾದರೂ ಇದ್ದರೆ ಕೊಡು ತಾಯಿ’ ಎನ್ನುತ್ತಾನೆ. ಅವಳು ಮೂಗುತಿ ತೆಗೆದುಕೊಡುತ್ತಾಳೆ. ಅವನು ಅದನ್ನು ಮಾರಲು ಒಯ್ಯುವುದು ಅವಳ ಗಂಡನ ಅಂಗಡಿಗೇ. ನಾಯಕ ಗುರುತು ಹಿಡಿದು, ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ‘ಮೂಗುತಿ ಎಲ್ಲಿ?’ ಎನ್ನುತ್ತಾನೆ. ದಿಕ್ಕುತೋಚದ ಅವಳು ವಿಷ ಕುಡಿಯಲು ಬಟ್ಟಲೆತ್ತಿದಾಗ ಮೂಗುತಿ ಅದರೊಳಕ್ಕೆ ಬೀಳುತ್ತದೆ. ಅತ್ತ ಅಂಗಡಿಯ ಪೆಟ್ಟಿಗೆ ಬರಿದಾಗಿರುತ್ತದೆ.

ಹರಿಕತೆಯವರು ಇಲ್ಲಿ ಪವಾಡದ ಕಡೆಗೆ ಬೇಗ ಬೇಗ ಸಾಗುತ್ತಾರೆ. ನಾವು ಕೊಂಚ ನಿಲ್ಲೋಣ. ಪವಾಡವನ್ನು ಒಂದು ಕ್ಷಣ ಬದಿಗಿಟ್ಟರೆ ಉಳಿಯುವುದೇನು? ಊರಿಗೇ ದೊಡ್ಡ ಧನಿಕನ ಮನೆಯಲ್ಲಿ, ತನ್ನ ತವರಿನ ಒಂದು ಒಡವೆ ಎಲ್ಲಿ ಹೋಯಿತೆಂದು ಗಂಡನಿಗೆ ಹೇಳಲಾರದೆ ಸಾಯಲು ಸಿದ್ಧಳಾದ ಹೆಂಡತಿ. ನಾಯಕನಲ್ಲಿ ಜಿಪುಣತನವಿತ್ತು ಎಂದು ಕತೆ ಹೇಳುತ್ತದೆ. ಅದಕ್ಕಿಂತ ದೊಡ್ಡದಾದ ಬಡತನ ಆ ಮನೆಯ ಮಾತಿನಲ್ಲಿತ್ತು. ಮೂಗುತಿ ಅವಳದ್ದೇ ಎಂಬುದು ಬ್ರಾಹ್ಮಣನಿಗೆ ತಿಳಿದಿತ್ತು, ನಮ್ಮ ಧರ್ಮಶಾಸ್ತ್ರಗಳಿಗೂ ಸ್ತ್ರೀಧನವೆಂದು ತಿಳಿದಿತ್ತು. ಗಂಡನಿಗೆ ಮಾತ್ರ ತಿಳಿದಿರಲಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನ ಕೈಯಲ್ಲಿದ್ದರೆ ಅದು ಒಪ್ಪಿಸಿಟ್ಟ ಸೊತ್ತು ಮಾತ್ರ ಎಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಹೇಳಬೇಕಾಯಿತೆಂದರೆ, ನಾಯಕನ ಮರೆವು ಎಷ್ಟು ದೀರ್ಘಾಯುವಾದದ್ದು ಎಂದು ತಿಳಿಯುತ್ತದೆ.

ಕತೆಯ ಮುಂದಿನ ಭಾಗ ಇನ್ನೂ ಸ್ವಾರಸ್ಯವಾದದ್ದು. ಮನಸ್ಸು ತಿರುಗಿದ ನಾಯಕ ಎಲ್ಲವನ್ನೂ ದಾನ ಮಾಡಿ ಮನೆಮಂದಿಯೊಡನೆ ಹೊರಡುತ್ತಾನೆ. ಕಾಡುದಾರಿಯಲ್ಲಿ ಹೆಂಡತಿಗೆ ಭಯವಾಗುತ್ತದೆ. ಗಂಡನಿಗೆ ನೀರು ಕುಡಿಯಲು ಇರಲೆಂದು ಅವಳು ಒಂದು ಚಿನ್ನದ ಬಟ್ಟಲನ್ನು ತಂದಿರುತ್ತಾಳೆ. ಅವನು ಅದನ್ನು ಕಸಿದು ಎಸೆಯುತ್ತಾನೆ. ಇದನ್ನು ವೈರಾಗ್ಯದ ಶಿಖರವೆಂದು ಕೊಂಡಾಡುತ್ತೇವೆ. ಕೂಡಿಟ್ಟಾಗ ಅವಳನ್ನು ಕೇಳಿರಲಿಲ್ಲ, ಹಂಚಿದಾಗಲೂ ಕೇಳಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ತನ್ನ ಕಣ್ಣು ತೆರೆಸಿದವಳು ಹೆಂಡತಿ ಎಂದು ದಾಸರು ಕೀರ್ತನೆಯಲ್ಲಿ ಉಪಕಾರ ಸ್ಮರಿಸಿದ್ದಾರೆ, ನಿಜ. ಅದು ಅವರ ದೊಡ್ಡತನ. ಆದರೂ ಜಿಪುಣನಾದ ಗಂಡ, ಉದಾರಿಯಾದ ಗಂಡ ಇಬ್ಬರೂ ಹೆಂಡತಿಯನ್ನು ಕೇಳದೆಯೇ ನಿರ್ಧಾರ ಮಾಡಬಲ್ಲರು ಎಂಬ ಎಚ್ಚರಿಕೆ ಈ ಕತೆಯಲ್ಲಿದೆ. ನೆಂಟರಿಷ್ಟರಿಗೆ, ಗೆಳೆಯರಿಗೆ, ಸಂಘ ಸಂಸ್ಥೆಗಳಿಗೆ ಮನೆಯಲ್ಲಿ ಒಂದು ಮಾತೂ ಹೇಳದೆ ಚೆಕ್ಕು ಬರೆಯುವ ಉದಾರಿಗಳು ನಮ್ಮ ನಡುವೆಯೂ ಇದ್ದಾರೆ.

ಸರಸ್ವತೀಬಾಯಿಯ ಭಯ ಹಳೆಯ ಕಾಲದ್ದು ಎನ್ನಬೇಡಿ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವೆಂಬ ಸುದ್ದಿ ಬಂದಾಗ ಎಷ್ಟೋ ಮನೆಗಳಲ್ಲಿ ಸಾಸಿವೆ ಡಬ್ಬಿ, ಅಕ್ಕಿಯ ಡ್ರಮ್ಮು, ಹಳೆಯ ಸೀರೆಯ ಮಡಿಕೆಗಳಿಂದ ಹಣ ಹೊರಬಂತು. ಅದು ಕಪ್ಪುಹಣವಲ್ಲ, ಮನೆಖರ್ಚಿನಲ್ಲಿ ಹತ್ತಿಪ್ಪತ್ತು ಉಳಿಸಿ ಹೆಂಗಸರು ಕೂಡಿಟ್ಟ ಆಪದ್ಧನ. ಬ್ಯಾಂಕಿಗೆ ಕಟ್ಟಬೇಕಾದರೆ ಗಂಡನಿಗೆ ಹೇಳಲೇಬೇಕು. ಕೆಲವು ಗಂಡಂದಿರು ನಕ್ಕರು, ಕೆಲವರು ಸಿಟ್ಟಾದರು. ‘ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಳಲ್ಲ’ ಎಂದವರುಂಟು. ‘ಮುಚ್ಚಿಡುವಂತೆ ನಾನೇಕೆ ಮಾಡಿದೆ’ ಎಂದು ಕೇಳಿಕೊಂಡವರು ಎಷ್ಟು ಮಂದಿಯೋ.

ಮೂರನೆಯ ಮನೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನದು. 2013ರಲ್ಲಿ ಬಂದ ಈ ಕಿರುಕಾದಂಬರಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರನಾಡುಗಳಲ್ಲೂ ಹೆಸರು ಮಾಡಿದೆ. ಮನೆಖರ್ಚನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ಕನ್ನಡ ಕೃತಿ ನನಗೆ ನೆನಪಾಗುವುದಿಲ್ಲ.

ಇಲ್ಲಿ ನಿರೂಪಕನ ತಂದೆ ಸೇಲ್ಸ್‌ಮನ್. ಮೊದಲಿನ ಇಕ್ಕಟ್ಟಾದ ಮನೆಯಲ್ಲಿ ಹಣ ಕಡಮೆ, ಲೆಕ್ಕ ಬಿಗಿ. ಅಪ್ಪ ಪ್ರತಿ ಸಂಜೆ ಲೆಕ್ಕ ಬರೆಯುತ್ತಾನೆ. ಅದು ತಾಳೆಯಾಗದಿದ್ದರೆ ಇಡೀ ಮನೆಗೇ ಕಳವಳ. ಏನಾದರೂ ದೊಡ್ಡ ಖರ್ಚೆಂದರೆ ಎಲ್ಲರೂ ಕೂಡಿ ಮಾತಾಡಬೇಕು. ಗ್ಯಾಸಿನ ಒಲೆ ಮನೆಗೆ ಬಂದದ್ದು ಹಬ್ಬದಂತೆ. ಆಮೇಲೆ ಚಿಕ್ಕಪ್ಪ ಮಸಾಲೆಪುಡಿಯ ವ್ಯಾಪಾರ ತೆಗೆಯುತ್ತಾನೆ. ಅಪ್ಪನ ನಿವೃತ್ತಿಯ ಹಣ ಅದಕ್ಕೆ ಬಂಡವಾಳವಾಗುತ್ತದೆ. ಹಣ ಹರಿದು ಬರುತ್ತದೆ, ಮನೆ ದೊಡ್ಡದಾಗುತ್ತದೆ, ಕೂಡಿ ಮಾತಾಡುವ ಅಗತ್ಯ ಕಾಣೆಯಾಗುತ್ತದೆ. ನಿರೂಪಕ ಹೆಸರಿಗೆ ಕಂಪನಿಯ ನಿರ್ದೇಶಕ, ಕೆಲಸವಿಲ್ಲ, ಸಂಬಳವುಂಟು. ಕಾಫಿಹೌಸಿನಲ್ಲಿ ಕುಳಿತು ಕಾಲ ಕಳೆಯುತ್ತಾನೆ. ಇಂಥ ಮನೆಗೆ ಹೈದರಾಬಾದಿನಿಂದ ಅನಿತಾ ಸೊಸೆಯಾಗಿ ಬರುತ್ತಾಳೆ, ಅಧ್ಯಾಪಕರ ಮಗಳು. ಗಂಡ ದುಡಿಯದೆ ಪಡೆಯುವ ಹಣ ಅವಳಿಗೆ ಒಗ್ಗುವುದಿಲ್ಲ. ಮನೆಯ ಎಲ್ಲರೂ ಯಾವ ಪ್ರಶ್ನೆಯನ್ನು ಕೇಳದಿರಲು ಒಪ್ಪಿಕೊಂಡಿದ್ದಾರೋ ಅದನ್ನೇ ಅವಳು ಕೇಳುತ್ತಾಳೆ. ಅದರ ಫಲವೇನಾಯಿತೆಂಬುದನ್ನು ಓದದವರಿಗಾಗಿ ಇಲ್ಲಿ ಬಿಚ್ಚುವುದಿಲ್ಲ. ಕೊನೆಯ ಪುಟಗಳಲ್ಲಿ ಮೈ ಜುಮ್ಮೆನ್ನುತ್ತದೆ ಎಂದಷ್ಟು ಹೇಳಿದರೆ ಸಾಕು.

ಈ ಕೃತಿಯನ್ನು ‘ಹಣ ಬಂದರೆ ಗುಣ ಕೆಡುತ್ತದೆ’ ಎಂಬ ನೀತಿಕತೆಯಾಗಿ ಓದುವವರುಂಟು. ನಿರೂಪಕನೂ ಹಳೆಯ ಮನೆಯನ್ನು ನೆನೆಯುವಾಗ ಅದೇ ದನಿಯಲ್ಲಿ ಮಾತಾಡುತ್ತಾನೆ. ಆದರೆ ಅವನ ಮಾತನ್ನು ಪೂರ್ತಿ ನಂಬಬಾರದು. ಹಳೆಯ ಮನೆಯ ಒಗ್ಗಟ್ಟಿಗೆ ಕಾರಣ ಬಡತನವಲ್ಲ, ಅಲ್ಲಿದ್ದ ಲೆಕ್ಕದ ಪುಸ್ತಕ. ಹೊಸ ಮನೆಯವರು ಹಣ ಬಂದಾಗ ಆ ಪುಸ್ತಕವನ್ನು ಮುಚ್ಚಿದರು. ಶ್ರೀಮಂತರಾದರೂ ಅದನ್ನು ತೆರೆದಿಡಬಹುದಾಗಿತ್ತು. ಶಾನಭಾಗರ ಬರವಣಿಗೆಯ ಬಲವಿರುವುದು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳದಿರುವುದರಲ್ಲಿ.

ನನ್ನದೊಂದು ಆಕ್ಷೇಪವೂ ಇದೆ. ಅನಿತಾಳ ಮಾತು ನಮಗೆ ಕೇಳುವುದು ಗಂಡನ ಬಾಯಿಯಿಂದ. ಅವಳು ಸರಿ ಎಂದು ನಮಗೆ ಅನಿಸುತ್ತದೆ, ಆದರೆ ತಾನು ಎಂಥ ಸಂಸಾರ ಕಟ್ಟಬೇಕೆಂದಿದ್ದಳು, ಎಷ್ಟು ಸಂಬಳದಲ್ಲಿ, ಹೇಗೆ ಬಾಳಲು ಸಿದ್ಧಳಿದ್ದಳು ಎಂಬುದು ನಮಗೆ ಸಿಗುವುದಿಲ್ಲ. ಕತೆಯ ರಚನೆಗೆ ಅದು ಅನಿವಾರ್ಯವಿರಬಹುದು. ಲಕ್ಕಮ್ಮನ ಮಾತಾದರೂ ಅವಳ ವಚನಗಳಲ್ಲೇ ಉಳಿದುಬಂದಿದೆ. ಎಂಟುನೂರು ವರ್ಷಗಳ ಬಳಿಕದ ಅನಿತಾಳ ಮಾತಿಗೆ ಗಂಡನ ನೆನಪೇ ಆಧಾರವಾದದ್ದು ಯೋಚಿಸಬೇಕಾದ ಸಂಗತಿ. ಅನಿತಾಳೇ ಹೇಳುವ ಕತೆಯನ್ನು ಇನ್ನಾರಾದರೂ ಬರೆಯಬೇಕು.

ಮೂರು ಮನೆಗಳನ್ನೂ ಒಟ್ಟಿಗೆ ನೋಡಿದರೆ ತಿಳಿಯುವುದಿಷ್ಟು. ಲಕ್ಕಮ್ಮ ಎದುರಿಗೇ ಕೇಳಿದಳು, ಗಂಡ ಕಿವಿಗೊಟ್ಟ. ಆ ಸಂಸಾರ ಉಳಿಯಿತು. ಸರಸ್ವತೀಬಾಯಿ ಕೇಳಲಾರದೆ ಮುಚ್ಚಿಟ್ಟಳು; ಉಳಿಸಲು ದೇವರೇ ಬರಬೇಕಾಯಿತು. ಅನಿತಾ ಕೇಳಿದಳು, ಕೇಳಿಸಿಕೊಳ್ಳುವವರಿರಲಿಲ್ಲ. ಅಲ್ಲಿಗೆ ದೇವರೂ ಬರಲಿಲ್ಲ. ಹಣ ಹೆಚ್ಚಿತ್ತೋ ಕಡಮೆಯಿತ್ತೋ ಎಂಬುದರಿಂದ ಈ ಮೂರರ ಗತಿ ನಿರ್ಧಾರವಾಗಲಿಲ್ಲ.

ಹಿಂದೆ ನಮ್ಮವರು ಗಂಡಸರಷ್ಟೇ ಊರು ಬಿಟ್ಟು ಬಂದು, ಖೋಲಿಯಲ್ಲಿ ನಾಲ್ಕೈದು ಮಂದಿ ಕೂಡಿ ಇದ್ದು, ತಿಂಗಳಿಗೊಮ್ಮೆ ಮನಿಯಾರ್ಡರ್ ಕಳಿಸುತ್ತಿದ್ದ ಕಾಲವಿತ್ತು. ಆ ಫಾರಮ್ಮಿನ ಕೆಳಗಿನ ಸಣ್ಣ ಜಾಗದಲ್ಲಿ ಎರಡು ಸಾಲು ಬರೆಯಬಹುದಿತ್ತು: ಇದರಲ್ಲಿ ಇಷ್ಟು ಸಾಲಕ್ಕೆ, ಇಷ್ಟು ಮಗುವಿನ ಔಷಧಕ್ಕೆ ಎಂದು. ಅಷ್ಟು ದೂರದಲ್ಲಿದ್ದರೂ ಗಂಡಹೆಂಡತಿಯ ನಡುವೆ ಒಂದು ಲೆಕ್ಕ ನಡೆಯುತ್ತಿತ್ತು. ಇಂದು ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಎಷ್ಟೋ ಕಡೆ ಇಬ್ಬರೂ ದುಡಿಯುತ್ತಾರೆ. ಕೈಯಲ್ಲಿನ ಫೋನಿನಿಂದ ಕ್ಷಣದಲ್ಲಿ ಹಣ ಹೋಗುತ್ತದೆ. ಹೋದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಹೋದವರಿಗೇ ನೆನಪಿರುವುದಿಲ್ಲ. ಸಾಸಿವೆ ಡಬ್ಬಿ ಹೋಯಿತು, ಅದರ ಜಾಗದಲ್ಲಿ ಇಬ್ಬರಿಗೂ ಬೇರೆ ಬೇರೆ ಗುಪ್ತಸಂಖ್ಯೆ ಬಂತು.

ಆದ್ದರಿಂದ ಈ ಮೂರು ಕತೆಗಳನ್ನು ಮನೆಯಲ್ಲಿ ಇಬ್ಬರೂ ಓದುವುದು ಒಳ್ಳೆಯದು. ‘ಘಾಚರ್ ಘೋಚರ್’ ಒಂದೇ ಭಾನುವಾರದಲ್ಲಿ ಮುಗಿಯುವಷ್ಟು ಚಿಕ್ಕದು. ಓದಿ ಮುಗಿಸಿದ ಸಂಜೆ ಒಂದು ಹಳೆಯ ನೋಟುಬುಕ್ಕು ಹುಡುಕಿ, ಎದುರುಬದುರು ಕುಳಿತು, ಈ ತಿಂಗಳು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆಯಲು ತೊಡಗಿದರೆ ಆ ಕೃತಿಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಿಲ್ಲ. ಮೊದಲ ದಿನ ಲೆಕ್ಕ ತಾಳೆಯಾಗದು. ಸ್ವಲ್ಪ ಜಗಳವೂ ಆದೀತು. ಆಗಲಿ, ಮಾರಯ್ಯನಿಗೂ ಅಂದು ಸ್ವಲ್ಪ ಮುಜುಗರವಾಗಿರಬೇಕು.