ಊದಿದವನ ಪಾಲು

ಇಸ್ಲಾಮೀ ಲೋಕದ ಹಳೆಯ ಗಾಜಿನ ಬಗ್ಗೆ ಓದುವಾಗ ಒಂದು ಮಾತು ಪದೇಪದೇ ಎದುರಾಗುತ್ತದೆ: ಸಾವಿರ ವರ್ಷದ ಹಿಂದಿನ ಕೆತ್ತನೆ ಗಾಜು ಸ್ಫಟಿಕದ ಅನುಕರಣೆ, ಅಂದರೆ ಅಗ್ಗದ ಬದಲಿ. ಇದನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಅಮೆರಿಕದ ಕಾರ್ನಿಂಗ್ ಗಾಜಿನ ಮ್ಯೂಸಿಯಂನಲ್ಲಿ ಕ್ರಿ.ಶ. 1000ರ ಆಸುಪಾಸಿನ ಒಂದು ಹೂಜಿ ಇದೆ. ಇರಾನಿನದೋ ಈಜಿಪ್ಟಿನದೋ, ತೀರ್ಮಾನವಾಗಿಲ್ಲ. ಎತ್ತರ ಸುಮಾರು 16 ಸೆಂ.ಮೀ. ಬಣ್ಣವಿಲ್ಲದ ಮೈಮೇಲೆ ಎಳೆಹಸಿರು ಗೆರೆಗಳಲ್ಲಿ, ಕೊಂಬಿನ ಪ್ರಾಣಿಯ ಮೇಲೆರಗಿದ ಬೇಟೆಹಕ್ಕಿ. ಮ್ಯೂಸಿಯಂ ಪ್ರಕಟಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತರೆ ಆಫೀಸಿನ ಕಾಲ್ ಮರೆತುಹೋಗುತ್ತದೆ.

ಆ ಹಸಿರು ಬಳಿದದ್ದಲ್ಲ. ಬಣ್ಣವಿಲ್ಲದ ಗಾಜಿಗೆ ಹಸಿರು ಗಾಜಿನ ಪದರ ಹೊದಿಸಿ, ಮೊದಲು ಎರಡು ಪದರದ ದಪ್ಪ ಹೂಜಿಯನ್ನು ಊದಿ ಮಾಡಬೇಕು. ತಣಿಯುವಾಗ ಎರಡೂ ಪದರ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲವಾದರೆ ಬಿರುಕು ಖಚಿತ. ಅದಕ್ಕೆ ಎರಡೂ ಗಾಜಿನ ಪಾಕ ಹೊಂದಬೇಕು. ಪಾತ್ರೆಯನ್ನು ಬಹಳ ನಿಧಾನವಾಗಿ ತಣಿಸಬೇಕು. ಆಮೇಲೆ ಬರುವವನು ಕೆತ್ತನೆಗಾರ. ತಿರುಗುವ ಚಕ್ರಕ್ಕೆ ನೀರು, ಗಟ್ಟಿ ಕಲ್ಲಿನ ಪುಡಿ ಹಾಕಿ, ಗೆರೆಗಳಷ್ಟೇ ಉಳಿಯುವಂತೆ ಹಸಿರನ್ನೆಲ್ಲ ಉಜ್ಜಿ ತೆಗೆಯುತ್ತಾನೆ. ಒಳಗಿನ ಗಾಜನ್ನೂ ತೆಳುವಾಗಿಸುತ್ತಾನೆ.

ವೆನಿಸ್‌ನ ಸಾನ್ ಮಾರ್ಕೊ ಚರ್ಚಿನ ಭಂಡಾರದಲ್ಲಿ ಸ್ಫಟಿಕದ ಹೂಜಿಯೊಂದಿದೆ. ಫಾತಿಮಿ ಖಲೀಫ ಅಲ್-ಅಜೀಜ್‌ನ (975–996) ಹೆಸರು ಅದರ ಮೇಲಿದೆ. ಒಂದೇ ಕಲ್ಲಿನಲ್ಲಿ ಕೊರೆದದ್ದು. ಎರಡರ ಆಕಾರ, ಕೆತ್ತನೆಯ ರೀತಿ ಹತ್ತಿರದವು, ನಿಜ. ಆದರೆ ಆ ಕಲ್ಲಿಗೆ ಹಸಿರು ಹೊದಿಕೆ ಹೊದಿಸಲು ಯಾವ ಖಲೀಫನಿಂದಲೂ ಆಗುತ್ತಿರಲಿಲ್ಲ. ಅನುಕರಣೆ ಎನ್ನುವವರು ಕೆತ್ತನೆಗಾರನನ್ನಷ್ಟೇ ನೋಡುತ್ತಾರೆ. ಊದಿದವನ ಕೆಲಸದ ಬಹುಪಾಲು ಪುಡಿಯಾಗಿ ನೀರಿನಲ್ಲಿ ಹರಿದುಹೋಗಿದೆ. (ನಮ್ಮ ಪ್ರಾಜೆಕ್ಟುಗಳಲ್ಲೂ ಡೆಮೊ ದಿನದ ಚಪ್ಪಾಳೆ ಸ್ಕ್ರೀನ್ ಮಾಡಿದವರಿಗೇ, ಡೇಟಾಬೇಸ್ ಹುಡುಗರು ಹಿಂದಿನ ಸಾಲಿನಲ್ಲಿ.)

ಊದಿದವರ ಕೆಲಸ ನೋಡಬೇಕಾದರೆ ಟರ್ಕಿಯ ಸೆರ್ಚೆ ಲಿಮಾನಿಗೆ ಹೋಗಬೇಕು. ಸುಮಾರು 1025ರಲ್ಲಿ ಅಲ್ಲಿ ಮುಳುಗಿದ ಹಡಗನ್ನು ಜಾರ್ಜ್ ಬಾಸ್ ತಂಡ 1977ರಿಂದ 1979ರವರೆಗೆ ಅಗೆದು ತೆಗೆಯಿತು. ಅದರಲ್ಲಿ ಸುಮಾರು 3 ಟನ್ ಗಾಜಿತ್ತು: ಕಚ್ಚಾ ಗಾಜಿನ ಗಟ್ಟಿಗಳು, ಜೊತೆಗೆ ಬಟ್ಟಲು, ಬುಡ್ಡಿ, ದೀಪಗಳ ಲಕ್ಷಾಂತರ ಚೂರು. ಎಲ್ಲವೂ ಮತ್ತೆ ಕರಗಿಸಲು ಹೊರಟಿದ್ದ ಸರಕು. ವರ್ಷಗಟ್ಟಲೆ ಕೂತು ಚೂರುಗಳನ್ನು ಜೋಡಿಸಿ ನಿಲ್ಲಿಸಿದ ನೂರಾರು ಪಾತ್ರೆಗಳು ಇಂದು ಬೊಡ್ರುಮ್ ಮ್ಯೂಸಿಯಂನಲ್ಲಿವೆ. ಕಾರ್ನಿಂಗ್ ಹೂಜಿಯ ಬಗ್ಗೆ ಬರೆಯುವವರು ಪಕ್ಕದಲ್ಲಿ ಇವುಗಳ ಒಂದು ಚಿತ್ರವನ್ನಾದರೂ ಹಾಕಲಿ.